ನಲಿ-ಕಲಿ ಕ್ಲಾಸಿನಲ್ಲಿ ನನ್ನ ಪಾಠ ಯೋಜನೆ ನಡೀತಾನೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬಿ.ಇಡಿ. ಎರಡನೇ ವರ್ಷದಲ್ಲಿದ್ದೀನಿ. ಇಂಟರ್ನ್‌ಶಿಪ್‌ಗೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಸಿಕ್ಕಿದೆ. ಟೀಚರ್‌ಗಳು ಕಡಿಮೆ, ಅದಕ್ಕೆ ನನ್ನನ್ನು ನಲಿ-ಕಲಿ (ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡ್‌ಗಳಿಂದ ಕಲಿಯುವ) ಕೋಣೆಗೆ ಹಾಕಿದ್ದಾರೆ. ಬರೆದುಕೊಂಡು ಹೋದ ಪಾಠ ಯೋಜನೆ ಹತ್ತು ನಿಮಿಷವೂ ನಡೆಯುವುದಿಲ್ಲ, ಮಕ್ಕಳು ಎದ್ದು ಓಡಾಡುತ್ತಾರೆ. ತಪ್ಪು ನನ್ನದಾ?

ಉತ್ತರ: ನಿಮ್ಮದೂ ಅಲ್ಲ, ಮಕ್ಕಳದೂ ಅಲ್ಲ. ಆ ಕೋಣೆ ಇರುವುದೇ ಓಡಾಡುವುದಕ್ಕೆ.

ಕಾಲೇಜಿನಲ್ಲಿ ಕಲಿಸುವ ಪಾಠ ಯೋಜನೆ, ಎಲ್ಲ ಮಕ್ಕಳೂ ಒಂದೇ ತರಗತಿ, ಒಂದೇ ಪುಟದಲ್ಲಿ ಇರ್ತಾರೆ ಅಂದುಕೊಂಡೇ ಶುರುವಾಗುತ್ತದೆ. ಪೀಠಿಕೆ, ಪ್ರಶ್ನೆ, ಬೋರ್ಡ್, ಹೋಂವರ್ಕ್, ಮುಗೀತು. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ, ಒಬ್ಬೊಬ್ಬರೂ ಒಂದೊಂದು ಮೆಟ್ಟಿಲಲ್ಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡ್ ತಯಾರಿಸಿದರು. 2009-10ರಿಂದ ರಾಜ್ಯದ ಎಲ್ಲ ಕಡೆ ಬಂತು.

ಒಂದು ಮಗುವನ್ನು ಸುಮ್ನೆ ಕೂತು ನೋಡಿ. ಗೋಡೆಯ ಮೇಲಿನ ಕಲಿಕಾ ಏಣಿಯ (ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟ್) ಹತ್ತಿರ ಹೋಗುತ್ತೆ, ತಾನು ಎಲ್ಲಿದ್ದೀನಿ ಅಂತ ಬೆರಳಿಟ್ಟು ಹುಡುಕುತ್ತೆ. ಆ ಮೆಟ್ಟಿಲಲ್ಲಿ ಒಂದು ಚಿತ್ರ ಇದೆ, ಒಂದು ನಂಬರ್ ಇದೆ. ಅದೇ ಚಿತ್ರ, ಅದೇ ನಂಬರಿನ ಕಾರ್ಡನ್ನು ಟ್ರೇಯಿಂದ ತೆಗೆದು ತನ್ನ ಗುಂಪಿಗೆ ಹೋಗಿ ಕೂರುತ್ತೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಬೇಕು, ಇನ್ನೊಂದಕ್ಕೆ ಅಷ್ಟಿಷ್ಟು, ಮತ್ತೊಂದಕ್ಕೆ ಪಕ್ಕದ ಗೆಳೆಯ ಸಾಕು, ಕೊನೆಯದಕ್ಕೆ ಯಾರೂ ಬೇಡ. ನೀವು ಬೋರ್ಡ್ ಮುಂದೆ ನಿಂತು ಎಲ್ಲರನ್ನೂ ಕರೆದ ತಕ್ಷಣ ಎಲ್ಲ ಗುಂಪಿನ ಕೆಲಸವೂ ನಿಂತಿತು, ಅಲ್ವಾ? ಗಲಾಟೆ ಅಲ್ಲಿಂದಲೇ ಶುರು.

ಇನ್ನೊಂದು ಎಡವಟ್ಟು ಅಕ್ಷರದ್ದು. ಹೊಸಬರು ಹೋದ ಕೂಡಲೇ ಬೋರ್ಡಿನ ಮೇಲೆ ಅ ಆ ಇ ಈ ಬರೆಯುತ್ತಾರೆ. ನಲಿ-ಕಲಿ ಶುರುವಾಗುವುದೇ ರ ಗ ಸ ದ ಅ ಇಂದ, ಆಮೇಲೆ ಜ ವ ಮ ಬ ನ. ಆಕಾರದಲ್ಲಿ ಒಂದಕ್ಕೊಂದು ಹತ್ತಿರ ಇರುವವು, ತಿದ್ದಲು ಸುಲಭ. ಅದಕ್ಕಿಂತ ಹೆಚ್ಚಾಗಿ, ಮೊದಲ ಐದೇ ಅಕ್ಷರಕ್ಕೆ ಮಗು ಸರ, ಅರಸ, ಅಗಸ, ಗರಗಸ ಎಲ್ಲ ಓದಿಬಿಡುತ್ತೆ, ಇನ್ನೈದು ಸೇರಿದರೆ ಬಸವ, ಜನ, ವನ. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವ ತನಕ ಕಾಯಬೇಕಾಗಿಲ್ಲ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಜಾಣತನ ಇರುವುದು ಇಲ್ಲೇ. 'ಗರಗಸ' ತಾನೇ ಓದಿ ಮುಗಿಸಿದ ಮಗುವಿನ ಮುಖ ಒಮ್ಮೆ ನೋಡಿ, ಸಾಕು.

ಹಾಗಾಗಿ ಪಾಠ ಯೋಜನೆಯನ್ನು ಇಡೀ ಕ್ಲಾಸಿಗೆ ಬರೆಯಬೇಡಿ. ಟೀಚರ್ ಪೂರ್ತಿ ಬೇಕಿರುವ ಆ ಒಂದು ಗುಂಪಿಗೆ, ಅವರು ಇರುವ ಒಂದು ಮೈಲಿಗಲ್ಲಿಗೆ (ಏಣಿಯ ಕೆಲವು ಮೆಟ್ಟಿಲು ಸೇರಿದ ಒಂದು ಹಂತ) ಬರೆಯಿರಿ. ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತ್ಕೊಳ್ಳಿ. ಯಾವ ಕಾರ್ಡ್ ಎಲ್ಲಿದೆ ಅಂತ ತಿಳಿಯದಿದ್ದರೆ ಮೂರನೇ ತರಗತಿಯವರನ್ನು ಕೇಳಿ. ಅವರಿಗೆ ಟ್ರೇ ಯಾವುದು, ಯಾವ ಕಾರ್ಡ್ ಕಳೆದುಹೋಗಿದೆ, ಯಾರ ಸ್ಲೇಟು ಒಡೆದಿದೆ, ಎಲ್ಲ ಗೊತ್ತು. ಒಂದು ಮಗುವಿನ ಹೆಸರು, ಅದು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಇಷ್ಟು ಪ್ರತಿದಿನ ಸಂಜೆ ಬರೆದಿಟ್ಟರೆ ನಿಮ್ಮ ಇಂಟರ್ನ್‌ಶಿಪ್ ರೆಕಾರ್ಡಿಗೂ ಅದಕ್ಕಿಂತ ಒಳ್ಳೆ ಸರಕು ಸಿಗುವುದಿಲ್ಲ. ಅಂದಹಾಗೆ, ಯಾರಾದರೂ ಕೋಲು ಕೊಟ್ಟು "ಇಟ್ಕೊಳ್ಳಿ ಮಿಸ್, ಸುಮ್ನೆ ಹೆದರ್ತಾರೆ" ಅಂದರೆ ತಗೋಬೇಡಿ. ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಈಗ ನೀವು ಕೇಳದೇ ಇರುವ ಒಂದು ಮಾತು. ನೀವು ಓದುತ್ತಿರುವ ಬಿ.ಇಡಿ. ಚಿಕ್ಕ ಮಕ್ಕಳ ತರಗತಿಗಾಗಿ ಇರುವುದಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ ಒಂದರಿಂದ ಐದನೇ ತರಗತಿಗೆ ಪತ್ರಿಕೆ 1, ಆರರಿಂದ ಎಂಟಕ್ಕೆ ಪತ್ರಿಕೆ 2. ಒಂದರಿಂದ ಐದಕ್ಕೆ ಬಿ.ಇಡಿ. ಅರ್ಹತೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಎರಡನೇ ವರ್ಷದ ಇಂಟರ್ನ್‌ಶಿಪ್‌ನ 16 ವಾರವನ್ನೂ ನಲಿ-ಕಲಿಯಲ್ಲೇ ಕಳೆದರೆ, ಮುಂದೆ ನೀವು ಕೆಲಸ ಮಾಡಬೇಕಾದ ತರಗತಿಗಳ ಮುಂದೆ ನಿಲ್ಲುವ ಅಭ್ಯಾಸವೇ ಆಗುವುದಿಲ್ಲ. ಖಾಲಿ ಹುದ್ದೆ ತುಂಬುವುದು ನಿಮ್ಮ ಕೆಲಸ ಅಲ್ಲ. ಕೆಲವು ದಿನ ಆ ಕೋಣೆಯಲ್ಲಿ ಇರುವುದರಿಂದ ಲಾಭವೇ ಜಾಸ್ತಿ, ಏಳನೇ ತರಗತಿಯಲ್ಲಿ ಓದಲು ಒದ್ದಾಡುವ ಹುಡುಗ ಎಲ್ಲಿ ಎಡವಿದ ಅಂತ ಅಲ್ಲೇ ತಿಳಿಯುತ್ತೆ. ಆದರೆ ಪೂರ್ತಿ ಅಲ್ಲೇ ಬೇಡ.

ಮೊದಲು ನಿಮ್ಮ ಕಾಲೇಜಿನ ಗೈಡ್ ಹತ್ತಿರ ಹೇಳಿ, ಅವರು ಪಾಠ ನೋಡಲು ಬರುವ ಮುಂಚೆಯೇ. ಆಮೇಲೆ ಮುಖ್ಯಶಿಕ್ಷಕರನ್ನು ಕೇಳಿ: "ಸರ್, ಬೆಳಿಗ್ಗೆ ನಲಿ-ಕಲಿಯಲ್ಲಿ ಇರ್ತೀನಿ, ಊಟ ಆದ ಮೇಲೆ ಆರು-ಏಳನೇ ತರಗತಿಗೆ ಎರಡು ಪೀರಿಯಡ್ ಕೊಡಿ." ಬೇಡ ಅನ್ನುವುದು ಕಡಿಮೆ. ಆ ತರಗತಿಗಳಿಗೂ ಜನ ಬೇಕೇ ಬೇಕಲ್ಲ.