ಬೀಗದ ಕೈ ಯಾರ ಹತ್ರ ಇದೆ? ಮನೆಯ ನೆಟ್, ಫೋಟೋ, ಧ್ವನಿ ನಮ್ಮ ಕೈಯಲ್ಲಿ ಇಟ್ಟುಕೊಳ್ಳಲು ಒಂದು ಟಿಪ್ಪಣಿ

ಅಪ್ಪ ತೀರಿಕೊಳ್ಳುವ ಮುಂಚಿನ ಎರಡು ವರ್ಷ ನಾನು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ವಿಸಿ ನಾಲೆಗೆ ನೀರು ಬಿಟ್ಟ ದಿನ ಊರಲ್ಲಿ ಏನಾಗುತ್ತಿತ್ತು, ಆಲೆಮನೆಯಲ್ಲಿ ರಾತ್ರಿಯೆಲ್ಲ ಬೆಲ್ಲ ಕಾಯಿಸುವಾಗ ಯಾರು ಯಾವ ಪದ ಹೇಳುತ್ತಿದ್ದರು, ಇಂಥವು. ಒಟ್ಟು 17 ರೆಕಾರ್ಡಿಂಗ್ ಇದ್ದವು. ಎಲ್ಲವೂ ಒಂದೇ ಆನ್‌ಲೈನ್ ಖಾತೆಯಲ್ಲಿ. ಆ ಖಾತೆಗೆ ಕೊಟ್ಟಿದ್ದು ಅಪ್ಪನ ನಂಬರ್. ಅವರು ಹೋದ ಮೇಲೆ ಆ ಸಿಮ್‌ಗೆ ಯಾರೂ ರೀಚಾರ್ಜ್ ಮಾಡಲಿಲ್ಲ, ನಂಬರ್ ರದ್ದಾಯಿತು. ಆಮೇಲೆ ನಾನು ಫೋನ್ ಬದಲಿಸಿದೆ. ಖಾತೆ ಒಟಿಪಿ ಕೇಳಿತು. ಒಟಿಪಿ ಹೋಗಬೇಕಾದ ನಂಬರೇ ಇರಲಿಲ್ಲ.

ಮೂರು ರೆಕಾರ್ಡಿಂಗ್ ಮಾತ್ರ ಉಳಿದವು. ಅವನ್ನು ಮಂಡ್ಯದಲ್ಲಿರುವ ಅಕ್ಕನಿಗೆ ಆಗಲೇ ಕಳಿಸಿದ್ದೆ. ಅವಳು ಅಳಿಸಿರಲಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಭಾನುವಾರ ಬೆಳಿಗ್ಗೆ ನಾವು ಎಂಟು ಜನ ಕೂತು ಈ ವಿಷಯ ಕಲಿಯುತ್ತಿದ್ದೇವೆ. ಹೊಸದಾಗಿ ಸೇರುವವರಿಗೆ ಅಂತ ಇದನ್ನು ಬರೆದಿದ್ದೇನೆ. ಯಾವ ಯಂತ್ರ ಕೊಳ್ಳಬೇಕು ಅನ್ನುವುದರಿಂದ ಶುರು ಮಾಡಬೇಡಿ. ಒಂದು ಹಾಳೆ ತಗೊಳ್ಳಿ. ಮನೆಯಲ್ಲಿ ನಿಮಗೆ ಬೇಕಾದ ಡಿಜಿಟಲ್ ವಸ್ತುಗಳನ್ನೆಲ್ಲ ಬರೆಯಿರಿ: ಫೋಟೋ, ಧ್ವನಿ, ಪತ್ರ, ಪಾಸ್‌ವರ್ಡ್, ಕ್ಯಾಮೆರಾ. ಪಕ್ಕದಲ್ಲಿ, ಅದು ಎಲ್ಲಿದೆ, ಬೀಗದ ಕೈ ಯಾರ ಹತ್ರ ಇದೆ, ಆ ಬಾಗಿಲು ನಾಳೆ ಮುಚ್ಚಿದರೆ ಇನ್ನೊಂದು ಪ್ರತಿ ಎಲ್ಲಿ ಸಿಗುತ್ತದೆ ಅಂತ ಬರೆಯಿರಿ. ಈ ಮೂರನೇ ಪ್ರಶ್ನೆಗೆ ಉತ್ತರ ಇಲ್ಲದ ವಸ್ತುವೇ ನಿಮ್ಮ ಮೊದಲ ಕೆಲಸ.

ರೂಟರ್

ಇದನ್ನು ಬೇಗ ಮುಗಿಸೋಣ. ಕೇಬಲ್ ಹಾಕಲು ಬಂದವರು ಇಟ್ಟು ಹೋದ ಪಾಸ್‌ವರ್ಡ್ ಇವತ್ತೇ ಬದಲಿಸಿ. ವೈಫೈ ಪಾಸ್‌ವರ್ಡ್ ಒಂದು, ರೂಟರ್ ಒಳಗೆ ಹೋಗುವ ಪಾಸ್‌ವರ್ಡ್ ಇನ್ನೊಂದು. ಎರಡನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ತಂತ್ರಾಂಶ ಹರಡಿದ್ದು ಹೀಗೆಯೇ. ಕಂಪನಿಯಿಂದ ಬಂದ ಹಾಗೇ ಬಿಟ್ಟಿದ್ದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಅದು ಮನೆಗಳ ಕ್ಯಾಮೆರಾ, ಡಿವಿಆರ್ (ವೀಡಿಯೋ ಉಳಿಸಿಡುವ ಪೆಟ್ಟಿಗೆ), ರೂಟರ್‌ಗಳೊಳಗೆ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅದೇ ಯಂತ್ರಗಳನ್ನು ಬಳಸಿ ತಾಣಗಳ ವಿಳಾಸ ಹೇಳುವ (ಡಿಎನ್‌ಎಸ್) ಡೈನ್ ಅನ್ನುವ ಕಂಪನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವರಿಗೆ ತೆರೆಯಲೇ ಇಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಿರಲಿಲ್ಲ.

ಸಿಸಿಟಿವಿ ಮತ್ತು ಟಿವಿಯನ್ನು ಅತಿಥಿ ವೈಫೈಗೆ ಹಾಕಿ. ಆಗ ಅವುಗಳಿಗೆ ನಿಮ್ಮ ಲ್ಯಾಪ್‌ಟಾಪ್ ಕಾಣುವುದಿಲ್ಲ.

ಡಿಎನ್‌ಎಸ್: ದಾರಿ ಕೇಳುವ ಅಂಗಡಿ

ಇಲ್ಲಿ ನಿಧಾನವಾಗಿ ಹೋಗೋಣ. ಅರ್ಥವಾದರೆ ಉಳಿದದ್ದು ಸುಲಭ.

ಹೊಸ ಬಡಾವಣೆಯಲ್ಲಿ ಒಬ್ಬರ ಮನೆ ಹುಡುಕುತ್ತಾ ಹೋದಿರಿ ಅಂದುಕೊಳ್ಳಿ. ಹೆಸರು ಗೊತ್ತು, ಮನೆ ನಂಬರ್ ಗೊತ್ತಿಲ್ಲ. ಮೂಲೆ ಅಂಗಡಿಯವರನ್ನು ಕೇಳುತ್ತೀರಿ, ಅವರು ನಂಬರ್ ಹೇಳುತ್ತಾರೆ. ಕಂಪ್ಯೂಟರ್ ಕೂಡ ಹಾಗೇ ಮಾಡುತ್ತದೆ. ನೀವು ಒಂದು ತಾಣದ ಹೆಸರು ಒತ್ತಿದ ಕೂಡಲೇ ಅದು ಡಿಎನ್‌ಎಸ್ ಸರ್ವರನ್ನು ಕೇಳಿ ವಿಳಾಸ ತಿಳಿದುಕೊಳ್ಳುತ್ತದೆ. ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು.

ಈಗ ಯೋಚಿಸಿ. ನೀವು ಇಡೀ ದಿನ ಯಾರ್‍ಯಾರ ಮನೆ ಕೇಳಿದಿರಿ ಅಂತ ಆ ಅಂಗಡಿಯವರಿಗೆ ಗೊತ್ತಾಗುತ್ತದೆ, ಅಲ್ವಾ? ಒಳಗೆ ಹೋಗಿ ಏನು ಮಾತಾಡಿದಿರಿ ಅಂತ ಗೊತ್ತಿಲ್ಲದಿದ್ದರೂ ಯಾವ ಡಾಕ್ಟರ್, ಯಾವ ಬ್ಯಾಂಕು, ಯಾವ ವಕೀಲರು ಅನ್ನುವಷ್ಟು ತಿಳಿಯುತ್ತದೆ. ಸಾಮಾನ್ಯವಾಗಿ ಆ ಅಂಗಡಿ ನಿಮ್ಮ ನೆಟ್ ಕಂಪನಿಯದ್ದು.

ಪೈ-ಹೋಲ್ ಅನ್ನುವ ತಂತ್ರಾಂಶ ಹಾಕುವುದು ಅಂದರೆ ಆ ಅಂಗಡಿಯನ್ನು ನಿಮ್ಮ ಮನೆಯೊಳಗೇ ಇಡುವುದು. ಹಳೇ ಲ್ಯಾಪ್‌ಟಾಪ್ ಆದರೂ ಸಾಕು, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಆದರೂ ಸರಿ. 512 ಎಂಬಿ ಮೆಮೊರಿಯಲ್ಲೇ ಓಡುತ್ತದೆ. ಜಾಹೀರಾತು ಮತ್ತು ಬೆನ್ನುಹತ್ತುವ ತಾಣಗಳ ಹೆಸರು ಅದರ ಪಟ್ಟಿಯಲ್ಲಿರುತ್ತವೆ. ಯಾರಾದರೂ ಆ ಹೆಸರು ಕೇಳಿದರೆ 0.0.0.0 ಅಂತ ಉತ್ತರ ಕೊಡುತ್ತದೆ. ಅಂದರೆ, ಅಂಥ ಮನೆಯೇ ಇಲ್ಲ. ಉಳಿದ ಹೆಸರುಗಳಿಗೆ ಹೊರಗೆ ಕೇಳಿ ಸರಿಯಾದ ಉತ್ತರ ತರುತ್ತದೆ. ಹೊರಗೆ ಕೇಳುವಾಗಲೂ ಒಬ್ಬರನ್ನೇ ನಂಬುವುದು ಬೇಡ ಅನ್ನಿಸಿದರೆ ಜೊತೆಗೆ ಅನ್‌ಬೌಂಡ್ ಅನ್ನುವ ತಂತ್ರಾಂಶ ಹಾಕಬಹುದು. ಅದು ಮೂಲ ಸರ್ವರ್‌ಗಳಿಂದ ಶುರು ಮಾಡಿ ತಾನೇ ವಿಚಾರಿಸಿಕೊಂಡು ಬರುತ್ತದೆ.

ನಾವು ಎಡವಿದ ಕಡೆಗಳನ್ನು ಹೇಳುತ್ತೇನೆ. ಪೈ-ಹೋಲ್ ಇರುವ ಯಂತ್ರಕ್ಕೆ ಬದಲಾಗದ ವಿಳಾಸ ಕೊಡಿ, ಉದಾಹರಣೆಗೆ 192.168.1.10. ರೂಟರಿನ ಡಿಎಚ್‌ಸಿಪಿ (ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ) ಪುಟದಲ್ಲಿ ಡಿಎನ್‌ಎಸ್ ಅಂತ ಇರುವ ಕಡೆ ಅದನ್ನೇ ಬರೆಯಿರಿ. ಎರಡನೇ ಡಿಎನ್‌ಎಸ್ ಅಂತ ಇನ್ನೊಂದು ಖಾನೆ ಇರುತ್ತದೆ. ಅಲ್ಲಿ ಸುಮ್ನೆ 8.8.8.8 ಅಂತ ಗೂಗಲ್‌ನ ಡಿಎನ್‌ಎಸ್ ಹಾಕಬೇಡಿ. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದು ಅಂತ ನಾವೆಲ್ಲ ತಿಳಿದಿದ್ದೆವು. ಆದರೆ ಫೋನುಗಳು ಎರಡನ್ನೂ ಮನಸ್ಸಿಗೆ ಬಂದ ಹಾಗೆ ಬಳಸುತ್ತವೆ. ಅರ್ಧ ಪ್ರಶ್ನೆಗಳು ಹೊರಗೇ ಹೋಗುತ್ತವೆ. ಕೆಲವು ರೂಟರ್‌ಗಳಲ್ಲಿ ಡಿಎನ್‌ಎಸ್ ಬದಲಿಸಲು ಬಿಡುವುದೇ ಇಲ್ಲ. ಆಗ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, ಆ ಕೆಲಸವನ್ನು ಪೈ-ಹೋಲ್‌ಗೇ ವಹಿಸಿ.

ಬ್ರೌಸರ್‌ನಲ್ಲಿ 'ಸುರಕ್ಷಿತ ಡಿಎನ್‌ಎಸ್', ಆಂಡ್ರಾಯ್ಡ್‌ನಲ್ಲಿ 'ಖಾಸಗಿ ಡಿಎನ್‌ಎಸ್' ಅಂತ ಇದ್ದರೆ ಅವು ಪೈ-ಹೋಲನ್ನು ದಾಟಿ ಹೋಗಬಹುದು, ನೋಡಿಕೊಳ್ಳಿ. ಯೂಟ್ಯೂಬ್ ಜಾಹೀರಾತು ನಿಲ್ಲುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಿಲ್ಲುವುದಿಲ್ಲ. ವೀಡಿಯೋ ಬರುವ ಹೆಸರುಗಳಿಂದಲೇ ಜಾಹೀರಾತೂ ಬರುತ್ತದೆ. ಹೆಸರು ತಡೆದರೆ ಎರಡೂ ಹೋಗುತ್ತವೆ.

ಕರೆಂಟ್ ಹೋಗುವ ಮಾತು ಇಲ್ಲೇ ಹೇಳಬೇಕು. ಪೈ-ಹೋಲ್ ನಿಂತರೆ ಮನೆಯವರ ಪಾಲಿಗೆ ನೆಟ್ಟೇ ಇಲ್ಲ. ರೂಟರ್ ಮತ್ತು ಪೈ ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ. ತಟ್ಟನೆ ಕರೆಂಟ್ ಹೋದರೆ ಪೈ ಒಳಗಿನ ಮೆಮೊರಿ ಕಾರ್ಡ್ ಕೆಡುವುದೂ ಉಂಟು. ಬಿಲ್ ಚಿಂತೆ ಬೇಡ. 5 ವ್ಯಾಟ್ ತಗೊಳ್ಳುವ ಯಂತ್ರ ತಿಂಗಳೆಲ್ಲ ಓಡಿದರೆ 3.6 ಯೂನಿಟ್ ಆಗುತ್ತದೆ, ಅಷ್ಟೇ.

ಟಿವಿ ನಮ್ಮನ್ನು ನೋಡುವುದು

ಸ್ಮಾರ್ಟ್ ಟಿವಿಗಳಲ್ಲಿ ಎಸಿಆರ್ ಅನ್ನುವ ತಂತ್ರ ಇರುತ್ತದೆ. ಪರದೆಯ ಮೇಲೆ ಏನು ಓಡುತ್ತಿದೆ ಅಂತ ಗುರುತಿಸಿ ಕಂಪನಿಗೆ ಕಳಿಸುತ್ತದೆ. ಅಮೆರಿಕದಲ್ಲಿ ವಿಜಿಯೋ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಮಾಹಿತಿ ತೆಗೆದಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನಿಮ್ಮ ಟಿವಿಯ ಸೆಟ್ಟಿಂಗ್‌ನಲ್ಲಿ 'ವೀಕ್ಷಣೆ ಮಾಹಿತಿ' ಅನ್ನುವ ಅರ್ಥದ ಹೆಸರು ಹುಡುಕಿ, ಆಫ್ ಮಾಡಿ.

ನಮ್ಮದೇ ಪುಟ್ಟ ಕೇಂದ್ರ

ಮನೆಯಿಂದಲೇ ಕೇಂದ್ರ ನಡೆಸುವುದು ಮೈಸೂರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ಪಾಠಕ್ಕೆ ಕೂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಮನೆಯಲ್ಲಿರುವ ಹಾಡು, ಮದುವೆ ವೀಡಿಯೋ, ನಾಟಕದ ರೆಕಾರ್ಡಿಂಗ್ ನೋಡಲು ಜೆಲ್ಲಿಫಿನ್ ಅನ್ನುವ ತಂತ್ರಾಂಶ ಸಾಕು. 2018ರಲ್ಲಿ ಎಂಬಿ (Emby) ಅನ್ನುವ ತಂತ್ರಾಂಶದ ಮೂಲ ಸಂಕೇತ ಮುಚ್ಚಿದಾಗ, ಒಂದಷ್ಟು ಜನ ಕವಲೊಡೆದು ಕಟ್ಟಿದ್ದು ಇದು. ಫೋಟೋಗಳಿಗೆ ಇಮ್ಮಿಚ್ ಅನ್ನುವ ಇಂಥದ್ದೇ ತಂತ್ರಾಂಶ ಇದೆ. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ 15 ಜಿಬಿ ಲೆಕ್ಕಕ್ಕೆ ಸೇರುತ್ತವೆ. ಅಲ್ಲಿಂದ ತರಲು ಗೂಗಲ್‌ನದೇ ಟೇಕ್‌ಔಟ್ ಸೌಲಭ್ಯ ಬಳಸಿ. ಹೊಸ ಜಾಗದಲ್ಲಿ ಎಣಿಸಿ ನೋಡುವ ತನಕ ಹಳೆಯದನ್ನು ಅಳಿಸಬೇಡಿ.

ಇವನ್ನು ಮನೆಯ ಹೊರಗಿನಿಂದ ನೋಡಬೇಕಾದರೆ ರೂಟರಿನಲ್ಲಿ ಪೋರ್ಟ್ (ಹೊರಗಿನವರು ಒಳಗೆ ಬರುವ ಬಾಗಿಲು) ತೆರೆದು ಸರ್ವರನ್ನು, ಅಂದರೆ ಇವನ್ನು ಓಡಿಸುವ ಯಂತ್ರವನ್ನು, ಬೀದಿಗೆ ಬಿಡಬೇಡಿ. ನಿಮಗೆ ಮಾತ್ರ ತೆರೆಯುವ ಗುಪ್ತ ದಾರಿ ಹಾಕಿಕೊಡುವ ವೈರ್‌ಗಾರ್ಡ್ (ವಿಪಿಎನ್) ಬಳಸಿ. ಅದಕ್ಕೆ ಮುಂಚೆ ರೂಟರಿನ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಹೊರಜಗತ್ತಿಗೆ ಕಾಣುವ ವಿಳಾಸ ನಿಮ್ಮೊಬ್ಬರದ್ದಲ್ಲ, ಹಲವು ಮನೆಗಳು ಹಂಚಿಕೊಂಡದ್ದು. ನೇರವಾಗಿ ಒಳಗೆ ಬರಲು ಆಗುವುದಿಲ್ಲ. ಆಗ ಟೈಲ್‌ಸ್ಕೇಲ್‌ನಂಥ ಸೇವೆ ಬೇಕು. ಎರಡು ತುದಿಯ ಯಂತ್ರಗಳನ್ನು ಜೋಡಿಸಿಕೊಡುವ ಅದರ ಸರ್ವರ್ ಒಂದು ಕಂಪನಿಯದ್ದು, ಹಾಳೆಯಲ್ಲಿ ಅದನ್ನೂ ಬರೆದುಕೊಳ್ಳಿ.

ಪ್ರತಿಗಳು

ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ. ಇದು ಹಳೆಯ ಲೆಕ್ಕ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆಯುವ ಹಾಗೆ ಎರಡು ಡಿಸ್ಕ್ ಜೋಡಿಸಿ ರೇಡ್ ಮಾಡಿದ್ದೇನೆ, ಸಾಕು ಅನ್ನುವವರಿದ್ದಾರೆ. ಸಾಲದು. ಒಂದರಲ್ಲಿ ತಪ್ಪಿ ಅಳಿಸಿದರೆ ಆ ಕ್ಷಣವೇ ಇನ್ನೊಂದರಲ್ಲೂ ಅಳಿಸುತ್ತದೆ.

ನನ್ನ ಹೊರಗಿನ ಪ್ರತಿ ಮಂಡ್ಯದಲ್ಲಿದೆ. ಎರಡು ಹಾರ್ಡ್ ಡಿಸ್ಕ್ ಇವೆ, ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಎರಡಕ್ಕೂ ಪೂರ್ತಿ ಗೂಢಲಿಪಿ ಹಾಕಿದ್ದೇನೆ. ಒಂದು ಇಲ್ಲಿ, ಒಂದು ಅಕ್ಕನ ಬೀರುವಿನಲ್ಲಿ. ಹಬ್ಬಕ್ಕೆ ಹೋದಾಗಲೆಲ್ಲ ಅದಲುಬದಲು ಮಾಡುತ್ತೇನೆ. ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಭಾವನ ಹತ್ರ ಬೇರೆ ಕಡೆ ಇಟ್ಟಿದ್ದೇನೆ. ನನಗೇನಾದರೂ ಆದರೆ ಅವರು ಯಾರ ಒಟಿಪಿಗೂ ಕಾಯಬೇಕಿಲ್ಲ.

ಕಾನೂನಿನ ಬಗ್ಗೆ ಎರಡು ಮಾತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 14ನೇ ಕಲಂ, ನಮ್ಮ ನಂತರ ನಮ್ಮ ಹಕ್ಕು ಚಲಾಯಿಸಲು ನಾಮಿನಿ ಹೆಸರಿಸಬಹುದು ಅನ್ನುತ್ತದೆ. ಹಾಗಂತ ಕಡತ ಕೈಗೆ ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಕೊನೆಯದಾಗಿ, ವಾಪಸ್ ತಂದು ನೋಡದ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಪ್ರತಿ ಸಲ ಮಂಡ್ಯದಿಂದ ತಂದ ಡಿಸ್ಕನ್ನು ಸಿಕ್ಕಿಸಿ, ಅದರಿಂದಲೇ ಒಂದು ಕಡತ ತೆರೆಯುತ್ತೇನೆ. ಹೋದ ಸಂಕ್ರಾಂತಿಗೆ ತೆರೆದದ್ದು ಆಲೆಮನೆಯ ರೆಕಾರ್ಡಿಂಗ್. 11 ನಿಮಿಷ ಇದೆ. ಪೂರ್ತಿ ಕೇಳಿದೆ. ನಡುವೆ ಅಪ್ಪ ಕೆಮ್ಮಿ, ನೀರು ಕೊಡು ಅನ್ನುತ್ತಾರೆ.