ಸಿಟ್‌ಕಾಮ್ ಅಂದರೇನು?

ಸಿಚುಯೇಶನ್ ಕಾಮೆಡಿ, ಅಂದರೆ ಸನ್ನಿವೇಶದಿಂದ ನಗಿಸುವ ಟೀವಿ ಸರಣಿ, ಅನ್ನೋದನ್ನು ಚುಟುಕಾಗಿಸಿ ಸಿಟ್‌ಕಾಮ್ ಅಂತಾರೆ. ಅದೇ ಮನೆ ಅಥವಾ ಅದೇ ಆಫೀಸು, ಅದೇ ನಾಲ್ಕೈದು ಜನ, ಕಂತಿಗೊಂದು ಹೊಸ ಪಜೀತಿ. ಸಾಮಾನ್ಯವಾಗಿ ಅರ್ಧ ಗಂಟೆ. ಜಾಹೀರಾತು ಕಳೆದರೆ ಸುಮಾರು 22 ನಿಮಿಷ. ಅಷ್ಟರಲ್ಲಿ ಪಜೀತಿ ಹುಟ್ಟಿ, ಬೆಳೆದು, ಬಗೆಹರಿಯಬೇಕು. ಧಾರಾವಾಹಿಯಾದರೆ ನಾಲ್ಕು ಕಂತು ತಪ್ಪಿದರೂ ಯಾರನ್ನಾದರೂ ಕೇಳಿ ಕಥೆ ತಿಳಿಯಬೇಕು. ಸಿಟ್‌ಕಾಮನ್ನು ಯಾವತ್ತು ಹಾಕಿದರೂ ನೋಡಬಹುದು.

ಯಾಕೆಂದರೆ ಇಲ್ಲಿ ಯಾರೂ ಬದಲಾಗುವುದಿಲ್ಲ. 2004ರಲ್ಲಿ ಶುರುವಾದ ಹಿಂದಿ ಸಿಟ್‌ಕಾಮ್ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ನೋಡಿ. ಮುಂಬೈನ ಕಫ್ ಪರೇಡ್‌ನಲ್ಲಿ ಅತ್ತೆ ಮಾಯಾ, ಸೊಸೆ ಮೋನಿಶಾ ಎದುರುಬದುರು ಫ್ಲ್ಯಾಟಿನಲ್ಲಿ ಇರುತ್ತಾರೆ. ಸೊಸೆಗೆ ಡಿಸ್ಕೌಂಟಿನ ಹುಚ್ಚು. ಅತ್ತೆಗೆ ಅದೆಲ್ಲ ‘ಮಿಡ್ಲ್ ಕ್ಲಾಸ್’. ಸೊಸೆ ಚೌಕಾಸಿ ಬಿಟ್ಟರೆ, ಅತ್ತೆ ಮೂಗು ಮುರಿಯೋದು ಬಿಟ್ಟರೆ, ಮುಂದಿನ ಕಂತೇ ಇಲ್ಲ! ಬಾಗಿಲು ತೆಗೆದರೆ ಎದುರಿಗೇ ಇನ್ನೊಬ್ಬರು. ತಪ್ಪಿಸಿಕೊಂಡು ಹೋಗೋಕೆ ಜಾಗವಿಲ್ಲ. ನಗು ಹುಟ್ಟೋದು ಜೋಕಿನಿಂದ ಅಲ್ಲ, ಈ ಇಕ್ಕಟ್ಟಿನಿಂದ. ಫ್ಲ್ಯಾಟು, ಸೊಸೈಟಿಗಳ ಮುಂಬೈಗೆ ಸಿಟ್‌ಕಾಮ್ ಇಷ್ಟು ಚೆನ್ನಾಗಿ ಒಗ್ಗಿದ್ದು ಅದಕ್ಕೇ ಅನಿಸುತ್ತದೆ.

ಅಮೆರಿಕದಲ್ಲಿ 1951ರಲ್ಲಿ ಶುರುವಾದ ‘ಐ ಲವ್ ಲೂಸಿ’ಯನ್ನು ಪ್ರೇಕ್ಷಕರನ್ನು ಕೂರಿಸಿಕೊಂಡು, ಮೂರು ಕ್ಯಾಮೆರಾ ಇಟ್ಟು ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಮಾತು ಆಡಿದವರ ಮುಖ, ಕೇಳಿದವರ ಮುಖ ಎರಡೂ ಒಂದೇ ಸಲಕ್ಕೆ ಸಿಗುತ್ತಿದ್ದವು. ರೆಕಾರ್ಡ್ ಮಾಡಿಟ್ಟ ನಗುವನ್ನು ಸೇರಿಸುವ ರೂಢಿಯೂ ಮುಂದೆ ಬೆಳೆಯಿತು.

ನಮ್ಮಲ್ಲಿ 1984ರಲ್ಲಿ ದೂರದರ್ಶನದಲ್ಲಿ ‘ಯೇ ಜೋ ಹೈ ಜಿಂದಗಿ’ ಬಂತು. ಸತೀಶ್ ಶಾ ಅದರಲ್ಲಿ ಕಂತಿಗೊಂದು ವೇಷ ಹಾಕುತ್ತಿದ್ದರು. 1988ರ ‘ವಾಗ್ಲೆ ಕಿ ದುನಿಯಾ’ ಅಂತೂ ನಮಗೆ ಇನ್ನೂ ಹತ್ತಿರ. ಮೈಸೂರಿನಲ್ಲಿ ಹುಟ್ಟಿ ಮುಂಬೈನಲ್ಲಿ ವ್ಯಂಗ್ಯಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳಿಂದ ಹುಟ್ಟಿದ್ದು ಅದು. ಸಾಧಾರಣ ನೌಕರ ವಾಗ್ಲೆಯ ಸಣ್ಣಪುಟ್ಟ ತಾಪತ್ರಯಗಳನ್ನು ಎಷ್ಟು ಪ್ರೀತಿಯಿಂದ ತೋರಿಸಿದ್ದಾರೆ! ಕನ್ನಡದಲ್ಲಿ ‘ಕ್ರೇಜಿ ಕರ್ನಲ್’, ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಇದೇ ಜಾತಿಯವು.

ಮುಂಬೈ ಕನ್ನಡಿಗರ ಮನೆಯಲ್ಲೂ ಇದಕ್ಕೆ ಬೇಕಾದ್ದೆಲ್ಲ ಇದೆ ಅಲ್ವಾ? ಡೊಂಬಿವಲಿಯ ಒಂದು ಫ್ಲ್ಯಾಟ್ ಇಟ್ಟುಕೊಳ್ಳಿ. ಅಜ್ಜಿ ಕನ್ನಡದಲ್ಲಿ ಬೈತಾರೆ, ಮೊಮ್ಮಗ ಹಿಂದಿಯಲ್ಲಿ ಜವಾಬು ಕೊಡ್ತಾನೆ, ಪಕ್ಕದ ಮನೆ ಕಾಕು ಮರಾಠಿಯಲ್ಲಿ ರಾಜಿ ಮಾಡಿಸೋಕೆ ಬರ್ತಾರೆ. ಅಂಥದ್ದೊಂದನ್ನು ಕನ್ನಡದವರೇ ಬರೆದು ಟೀವಿಗೆ ತಂದರೆ ಒಂದು ಕಂತೂ ಬಿಡದೆ ನೋಡುತ್ತೇನೆ.