ಪ್ರೊಸೆಸರ್‌ನ ಅವಸರ, ಗುಟ್ಟಿನ ಸೋರಿಕೆ

ಪಾಸ್‌ವರ್ಡ್ ಗಟ್ಟಿಯಾಗಿದೆ, ಸಾಫ್ಟ್‌ವೇರ್‌ನಲ್ಲಿ ಒಂದೂ ತಪ್ಪಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೂ ಗುಟ್ಟು ಸೋರಬಹುದು. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳಲ್ಲೇ ಇದ್ದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಬಯಲಾದಾಗ ಗೊತ್ತಾಗಿದ್ದು ಇದೇ. ಗೂಗಲ್‌ನ ಯಾನ್ ಹಾರ್ನ್, ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು, ಇನ್ನೂ ಕೆಲವರು ಬೇರೆಬೇರೆಯಾಗಿಯೇ ಇವನ್ನು ಪತ್ತೆ ಮಾಡಿದ್ದರು.

ಮೆಮೊರಿಯಿಂದ ಡೇಟಾ ಬರಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಅಷ್ಟು ಹೊತ್ತು ಸುಮ್ನೆ ಕೂರದೆ, ಮುಂದೇನು ಬರಬಹುದು ಎಂದು ಊಹಿಸಿ ಪ್ರೊಸೆಸರ್ ಕೆಲಸ ಶುರು ಮಾಡಿಬಿಡುತ್ತದೆ. ಊಹೆ ತಪ್ಪಾದರೆ ಫಲಿತಾಂಶ ಬಿಸಾಡುತ್ತದೆ. ಆದರೆ ಆ ಭರದಲ್ಲಿ ಕ್ಯಾಶ್‌ಗೆ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿಗೆ, ತಂದಿದ್ದು ಅಲ್ಲೇ ಉಳಿಯುತ್ತದೆ.

ಕಳ್ಳನಿಗೆ ಅಷ್ಟು ಸಾಕು. ಅವನ ಪ್ರೋಗ್ರಾಂ ಮೆಮೊರಿಯಲ್ಲಿ 256 ಜಾಗಗಳನ್ನು ಆರಿಸಿಕೊಂಡು, ಅವು ಕ್ಯಾಶ್‌ನಲ್ಲಿ ಇಲ್ಲದಂತೆ ಮಾಡುತ್ತದೆ. ಒಂದು ಬೈಟ್‌ಗೆ ಇರಬಹುದಾದ ಬೆಲೆಗಳು ಅಷ್ಟೇ ಅಲ್ವಾ? ಆಮೇಲೆ ತನಗೆ ಹಕ್ಕಿಲ್ಲದ ಬೈಟೊಂದನ್ನು ಪ್ರೊಸೆಸರ್ ಅವಸರದಲ್ಲಿ ಓದುವಂತೆ ಮಾಡುತ್ತದೆ. ಅದರ ಬೆಲೆ 83 ಆಗಿದ್ದರೆ 83ನೇ ಜಾಗವನ್ನು ಮುಟ್ಟಿಸುತ್ತದೆ. ಪ್ರೊಸೆಸರ್ ಎಚ್ಚೆತ್ತು ಎಲ್ಲ ರದ್ದು ಮಾಡುತ್ತದೆ. ಕಳ್ಳ ಈಗ 256 ಜಾಗಗಳನ್ನೂ ಓದಿ ಸಮಯ ಅಳೆಯುತ್ತಾನೆ. 83ನೆಯದು ಮಾತ್ರ ಥಟ್ಟನೆ ಬರುತ್ತದೆ. ಅಲ್ಲಿಗೆ ಪಾಸ್‌ವರ್ಡಿನ ಒಂದು ಅಕ್ಷರ, ಕಂಪ್ಯೂಟರ್ 83 ಎಂದು ಬರೆದಿಡುವ ಇಂಗ್ಲಿಷ್‌ನ ದೊಡ್ಡ ಎಸ್, ಸಿಕ್ಕಿತು.

ತಯಾರಾಗಿ ಹೊರಬಂದ ಚಿಪ್‌ನ ಸರ್ಕ್ಯೂಟ್ ತಿದ್ದಲು ಆಗುವುದಿಲ್ಲ. ಹಾಗಾಗಿ ಕಾವಲು ಅದರ ಸುತ್ತ. ಮೆಲ್ಟ್‌ಡೌನ್‌ಗೆ ಆಪರೇಟಿಂಗ್ ಸಿಸ್ಟಂಗಳು ತಮ್ಮ ತಿರುಳಾದ ಕರ್ನೆಲ್‌ನ ಮೆಮೊರಿ ನಕ್ಷೆಯನ್ನೇ ಬೇರೆ ಮಾಡಿದವು. ಕರ್ನೆಲ್ ಒಳಗೆ ಹೋಗಿಬರುವಾಗಲೆಲ್ಲ ನಕ್ಷೆ ಬದಲಿಸಬೇಕು, ವೇಗ ಸ್ವಲ್ಪ ಕಡಿಮೆಯಾಯಿತು. ಹೊಸ ಚಿಪ್‌ಗಳಲ್ಲಿ ಆ ದೋಷವನ್ನು ಒಳಗೇ ಸರಿಪಡಿಸಲಾಗಿದೆ. ಸ್ಪೆಕ್ಟರ್ ಜಾಸ್ತಿ ಮೊಂಡು, ಏಕೆಂದರೆ ಅದು ಕೂತಿರುವುದು ಊಹೆಯಲ್ಲೇ. ಪ್ರೋಗ್ರಾಂಗಳನ್ನು ಪ್ರೊಸೆಸರ್‌ನ ಭಾಷೆಗೆ ತರುವ ಕಂಪೈಲರ್‌ಗಳು ಬದಲಾದವು, ಪ್ರೊಸೆಸರ್‌ಗೆ ಮೈಕ್ರೋಕೋಡ್, ಅಂದರೆ ಅದರ ಒಳಗಿನ ಸೂಚನೆಗಳ, ಅಪ್‌ಡೇಟ್ ಬಂತು. ಬ್ರೌಸರ್‌ಗಳು ಜಾವಾಸ್ಕ್ರಿಪ್ಟ್‌ಗೆ ಸಿಗುವ ಗಡಿಯಾರದ ನಿಖರತೆ ತಗ್ಗಿಸಿದವು. ಸಮಯ ಅಳೆಯಲಾಗದಿದ್ದರೆ ಕಳ್ಳತನ ಕಷ್ಟ. ಇಷ್ಟಾದರೂ 2019ರಲ್ಲಿ ಝಾಂಬಿಲೋಡ್, 2023ರಲ್ಲಿ ಡೌನ್‌ಫಾಲ್, ಝೆನ್‌ಬ್ಲೀಡ್ ಎಂಬ ಇಂಥವೇ ದೋಷಗಳು ಬಂದವು.

ವೇಗಕ್ಕಾಗಿ ಈ ಕಾವಲುಗಳನ್ನು ತೆಗೆದುಹಾಕುವವರಿದ್ದಾರೆ. ದಯವಿಟ್ಟು ಬೇಡ. ಬ್ರೌಸರ್ ತೆರೆದರೆ ಸಾಕು, ಯಾರದೋ ಕೋಡ್ ನಿಮ್ಮ ಪ್ರೊಸೆಸರ್ ಮೇಲೆ ಓಡುತ್ತಿರುತ್ತದೆ. ಸಿಸ್ಟಂ ಅಪ್‌ಡೇಟ್ ಜೊತೆಗೆ, ಎಲ್ಲರೂ ಮುಂದೂಡುವ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟನ್ನೂ ಹಾಕಿಕೊಳ್ಳಿ. ಮೈಕ್ರೋಕೋಡ್ ಎಷ್ಟೋ ಸಲ ಬರುವುದು ಅದರಲ್ಲೇ. ಲಿನಕ್ಸ್ ಇದ್ದರೆ ಎಲ್‌ಎಸ್‌ಸಿಪಿಯು (lscpu) ಎಂಬ ಆದೇಶ ಕೊಟ್ಟು ನೋಡಿ. ಕೊನೆಯಲ್ಲಿ ಒಂದೊಂದು ದೋಷದ ಹೆಸರಿನ ಮುಂದೆ ನಿಮ್ಮ ಯಂತ್ರದ ಸ್ಥಿತಿ ಇರುತ್ತದೆ. ‘ವಲ್ನರಬಲ್’ (Vulnerable) ಅಂತ ಕಂಡರೆ ಆ ದೋಷಕ್ಕೆ ನಿಮ್ಮಲ್ಲಿ ಕಾವಲಿಲ್ಲ.